ಹಾಲಿನ ಗಾಡಿಗೆ ಗೇರ್ ಬೀಳದಿದ್ದರೆ: ಮೊದಲು ಏನು ನೋಡಬೇಕು?



ಟಿಕೋಟಾ ಕಡೆಯ ಹಾಲು ಅಥಣಿ ರಸ್ತೆಯಲ್ಲಿ, ಬಬಲೇಶ್ವರ ಕಡೆಯ ಹಾಲು ಜಮಖಂಡಿ ರಸ್ತೆಯಲ್ಲಿ ವಿಜಯಪುರದತ್ತ ಬರುತ್ತದೆ. ಎರಡೂ ಕಡೆ ದೂರ 20–25 ಕಿ.ಮೀ. ಆಸುಪಾಸು. ಗಾಡಿ ಸರಿಯಿದ್ದರೆ ಈ ದಾರಿ ದೊಡ್ಡದಲ್ಲ. ಆದರೆ ಕ್ಯಾನ್ ಏರಿಸಿದ ಮೇಲೆ "ಗೇರ್ ಬೀಳವಲ್ದು" ಎಂದು ಚಾಲಕ ಕೆಳಗಿಳಿದರೆ ಇಡೀ ಊರಿನ ಹಾಲು ಬಿಸಿಲಿಗೆ ಸಿಕ್ಕಿಕೊಳ್ಳುತ್ತದೆ. ಕರೆದ ಹಾಲು ಸುಮಾರು 38 ಡಿಗ್ರಿ ಬಿಸಿ ಇರುತ್ತದೆ. ಅದನ್ನು ಆದಷ್ಟು ಬೇಗ 4 ಡಿಗ್ರಿಗೆ ಇಳಿಸಬೇಕು. ನಮ್ಮ ಬೇಸಿಗೆಯೋ 40 ಡಿಗ್ರಿ ದಾಟುತ್ತದೆ. ಆ ಶಾಖದಲ್ಲಿ ಹಾಲನ್ನು ಹುಳಿಸುವ ಸೂಕ್ಷ್ಮಜೀವಿಗಳು ಬೇಗ ಬೇಗ ಹೆಚ್ಚುತ್ತವೆ. ಹುಳಿ ತಿರುಗಿದ ಹಾಲನ್ನು ಡೇರಿ ತೆಗೆದುಕೊಳ್ಳುವುದಿಲ್ಲ.

ಆದ್ದರಿಂದ ಗಾಡಿ ಓಡಿಸಲು ಬರದಿದ್ದರೂ ದೋಷ ಎಲ್ಲಿದೆ ಎಂದು ಅಂದಾಜು ಮಾಡಲು ಬರಬೇಕು. ಅದಕ್ಕೆ ಐದು ನಿಮಿಷ ಸಾಕು.

ಕ್ಲಚ್ ಮಾಡುವ ಕೆಲಸ

ಹಿಟ್ಟಿನ ಗಿರಣಿಯಲ್ಲಿ ಪಟ್ಟಾ ಜಾರಿಸಿದರೆ ಮೋಟಾರ್ ತಿರುಗುತ್ತಲೇ ಇರುತ್ತದೆ, ಕಲ್ಲು ಮಾತ್ರ ನಿಲ್ಲುತ್ತದೆ. ಗಾಡಿಯಲ್ಲಿ ಕ್ಲಚ್ ಮಾಡುವುದೂ ಇದನ್ನೇ. ಪೆಡಲ್ ಒತ್ತಿದಾಗ ಎಂಜಿನ್‌ನಿಂದ ಗೇರ್‌ಬಾಕ್ಸ್ ಬೇರೆಯಾಗುತ್ತದೆ, ಆಗ ಗೇರ್ ಸರಾಗವಾಗಿ ಬೀಳುತ್ತದೆ. ಪೂರ್ತಿ ಬೇರೆಯಾಗದಿದ್ದರೆ ಗೇರ್ ಕಟಕಟ ಎನ್ನುತ್ತದೆ, ಇಲ್ಲವೇ ಬೀಳುವುದೇ ಇಲ್ಲ.

ಐದು ನಿಮಿಷದ ಪರೀಕ್ಷೆ

ಗಾಡಿಯನ್ನು ರಸ್ತೆ ಬದಿಗೆ ತಳ್ಳಿ ಹ್ಯಾಂಡ್ ಬ್ರೇಕ್ ಹಾಕಿಸಿ. ಚಕ್ರಗಳಿಗೆ ಕಲ್ಲು ಕೊಡಿ. ಪೆಡಲ್ ಕೆಳಗೆ ಮ್ಯಾಟ್ ಮಡಚಿಕೊಂಡಿದೆಯೇ, ನೀರಿನ ಬಾಟಲಿ ಉರುಳಿ ಸಿಕ್ಕಿದೆಯೇ ನೋಡಿ. ನಂತರ ಎಂಜಿನ್ ಬಂದ್ ಮಾಡಿಸಿ, ಕ್ಲಚ್ ಪೂರ್ತಿ ಒತ್ತಿ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿಸಿ.

1. ಎಂಜಿನ್ ಬಂದ್ ಇದ್ದಾಗ ಎಲ್ಲ ಗೇರ್ ಬೀಳುತ್ತವೆ, ಚಾಲೂ ಮಾಡಿದಾಗ ಬೀಳುವುದಿಲ್ಲ: ದೋಷ ಹೆಚ್ಚಾಗಿ ಕ್ಲಚ್‌ನದು. ತಂತಿ ಇರುವ ಗಾಡಿಯಲ್ಲಿ ಕ್ಲಚ್ ತಂತಿ ಸಡಿಲಾಗಿರಬಹುದು, ಎಳೆ ಹರಿದಿರಬಹುದು. ಎಣ್ಣೆಯ ಒತ್ತಡದಿಂದ ನಡೆಯುವ ಗಾಡಿಯಲ್ಲಿ ಎಣ್ಣೆ ಸೋರಿರಬಹುದು ಅಥವಾ ಒಳಗೆ ಗಾಳಿ ಹೊಕ್ಕಿರಬಹುದು. ಪೆಡಲ್ ಮೆತ್ತಗಾಗಿ ನೆಲಕ್ಕೆ ಹತ್ತುವುದು ಇದರ ಗುರುತು.

2. ಎಂಜಿನ್ ಬಂದ್ ಇದ್ದರೂ ಯಾವ ಗೇರೂ ಬೀಳುವುದಿಲ್ಲ: ಕ್ಲಚ್ ಬಿಟ್ಟು ಮತ್ತೊಮ್ಮೆ ಒತ್ತಿ ನೋಡಲಿ. ಆಗಲೂ ಬೀಳದಿದ್ದರೆ ಗೇರ್ ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಕೇಬಲ್ ಅಥವಾ ರಾಡ್ ಪರೀಕ್ಷಿಸಬೇಕು. ಲಿವರ್ ಬಿಗಿಯಿಲ್ಲದೆ ಅತ್ತಿತ್ತ ಅಲ್ಲಾಡಿದರೆ ಅದರ ಬುಶ್ ಸವೆದು ಕಳಚಿರುವ ಸಾಧ್ಯತೆ ಹೆಚ್ಚು.

3. ಒಂದೇ ಒಂದು ಗೇರ್ ತಕರಾರು ಮಾಡುತ್ತದೆ, ಉಳಿದವು ಸರಿ: ಗೇರ್‌ಬಾಕ್ಸ್ ಒಳಗಿನ ಸವೆತ ಇರಬಹುದು. ಗೇರ್ ಎಣ್ಣೆಯ ಮಟ್ಟವನ್ನೂ ನೋಡಿಸಿ.

4. ಗೇರ್ ಬೀಳುತ್ತದೆ, ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ: ಕ್ಲಚ್ ಪ್ಲೇಟ್ ಸವೆದಿರಬಹುದು. ಸುಟ್ಟ ವಾಸನೆ ಬಂದರೆ ಅನುಮಾನ ಗಟ್ಟಿಯಾಗುತ್ತದೆ.

ಲಿವರನ್ನು ಬಲವಂತವಾಗಿ ಗುದ್ದಬೇಡಿ. ತಂತಿ ಬಿಗಿಮಾಡಿದರೆ ಮುಗಿಯುವ ಕೆಲಸ ಗೇರ್‌ಬಾಕ್ಸ್ ಬಿಚ್ಚುವವರೆಗೆ ಹೋದೀತು.

ಎಣ್ಣೆ ಕಡಿಮೆಯಿದ್ದರೆ ಎಚ್ಚರ

ಹಲವು ಗಾಡಿಗಳಲ್ಲಿ ಕ್ಲಚ್‌ಗೂ ಬ್ರೇಕ್‌ಗೂ ಎಣ್ಣೆಯ ಡಬ್ಬಿ ಒಂದೇ. ಅದರಲ್ಲಿ ಎಣ್ಣೆ ಇಳಿದಿದ್ದರೆ ಬ್ರೇಕ್ ಕೂಡ ಕೈಕೊಡಬಹುದು. ಸೋರಿಕೆ ಸರಿಪಡಿಸದೆ ಗಾಡಿ ಓಡಿಸಲು ಬಿಡಬೇಡಿ. ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಬ್ರೇಕ್ ಎಣ್ಣೆಯನ್ನೇ ಹಾಕಬೇಕು. ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಉಬ್ಬಿ ಕೆಡುತ್ತದೆ.

ಮೆಕ್ಯಾನಿಕ್‌ಗೆ ಹೀಗೆ ಹೇಳಿ

ಬರೀ "ಗಾಡಿ ಕೆಟ್ಟಿದೆ" ಎಂದರೆ ಅವರು ಬಂದು ನೋಡಿ, ಮತ್ತೆ ಸಾಮಾನು ತರಲು ವಿಜಯಪುರಕ್ಕೆ ಹೋಗಬೇಕಾಗುತ್ತದೆ. ಗಾಡಿಯ ಮಾಡೆಲ್, ಎಂಜಿನ್ ಬಂದ್ ಇದ್ದಾಗ ಗೇರ್ ಬೀಳುತ್ತದೋ ಇಲ್ಲವೋ, ಪೆಡಲ್ ಗಟ್ಟಿಯೋ ಮೆತ್ತಗೋ, ಕೆಳಗೆ ಎಣ್ಣೆ ಹನಿದಿದೆಯೋ ಎಂಬುದನ್ನು ಫೋನಿನಲ್ಲೇ ತಿಳಿಸಿ. ಬೇಕಾದ ತಂತಿಯೋ ಸೀಲೋ ಅವರ ಜೊತೆಗೇ ಬರುತ್ತದೆ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಹಾಲಿನ ಕಥೆ ಏನು?

ರಿಪೇರಿ ಮುಗಿಯುವವರೆಗೆ ಕಾಯುತ್ತ ಕೂರಬೇಡಿ. ಪರೀಕ್ಷೆ ಮುಗಿದ ಕೂಡಲೇ ಸಂಘದ ಕಾರ್ಯದರ್ಶಿಗೆ ತಿಳಿಸಿ, ಬೇರೆ ಗಾಡಿ ಹುಡುಕಿ. ಹತ್ತಿರದ ಸಂಘದಲ್ಲಿ ಬಲ್ಕ್ ಕೂಲರ್ ಇದ್ದರೆ ಹಾಲನ್ನು ಅಲ್ಲಿಗೆ ಒಯ್ಯಲು ಅವರೊಡನೆ ಮಾತಾಡಲಿ. ಅಲ್ಲಿಯವರೆಗೆ ಕ್ಯಾನುಗಳನ್ನು ನೆರಳಿಗೆ ಇಳಿಸಿ, ಮುಚ್ಚಳ ತೆಗೆಯದೆ ಒದ್ದೆ ಗೋಣಿಚೀಲ ಹೊದಿಸಿ, ಚೀಲ ಒಣಗದಂತೆ ನೀರು ಚಿಮುಕಿಸಿ. ಹಾಲಿಗೆ ಐಸ್, ನೀರು, ಸೋಡಾ ಏನನ್ನೂ ಹಾಕಬಾರದು. ಅದು ಕಲಬೆರಕೆಯಾಗುತ್ತದೆ.

ಸಂಘದ ಸಭೆಯಲ್ಲಿ ಕೇಳಬೇಕಾದದ್ದು

ಗಾಡಿ ದಾರಿಯಲ್ಲಿ ನಿಂತರೆ ಬದಲಿ ಗಾಡಿ ಯಾರು ತರಬೇಕು, ಹಾಲು ಕೆಟ್ಟರೆ ನಷ್ಟ ಯಾರದು? ಸಾಗಣೆಯ ಕರಾರಿನಲ್ಲಿ ಇದು ಬರಹದಲ್ಲಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಸೇರಿಸಲು ಒತ್ತಾಯಿಸಿ. ಇಲ್ಲವಾದರೆ ಬೆಳಗಿನ ಜಾವ ಎದ್ದು ಹಿಂಡಿದವಳ ಲೆಕ್ಕಕ್ಕೇ ನಷ್ಟ ಬೀಳುತ್ತದೆ.

ಚಾಲಕರಿಗೂ ಒಂದು ಮಾತು ಹೇಳಿಡಿ. ಓಡಿಸುವಾಗ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಇರಬಾರದು, ಏರಿನಲ್ಲಿ ಅರ್ಧ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸಬಾರದು, ಮಿತಿ ಮೀರಿ ಕ್ಯಾನ್ ಹೇರಬಾರದು. ಪೆಡಲ್ ದಿನಕ್ಕಿಂತ ಸಡಿಲವೆನಿಸಿದರೆ ಅಥವಾ ರಿವರ್ಸ್ ಹಾಕುವಾಗ ಕರಕರ ಸದ್ದು ಬಂದರೆ ಅಂದೇ ತೋರಿಸಬೇಕು. ಗೇರ್ ಪೂರ್ತಿ ಕೈಕೊಡುವ ಮೊದಲು ಗಾಡಿ ಬಹಳ ಸಲ ಇಂಥ ಸೂಚನೆ ಕೊಟ್ಟಿರುತ್ತದೆ.