ಹಳೇ ಯೆಜ್ಡಿ ಟ್ಯಾಂಕಿನ ತುಕ್ಕು

ಬಯಲುಸೀಮೆಯಲ್ಲಿ ಕಬ್ಬಿಣಕ್ಕೆ ತುಕ್ಕಿನ ಕಾಟ ಕಡಿಮೆ ಅನ್ನುವ ಮಾತು ಪೆಟ್ರೋಲ್ ಟ್ಯಾಂಕಿನ ಮಟ್ಟಿಗೆ ಸುಳ್ಳು. ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಕಡೆ ಮಳೆ ಕಡಿಮೆಯೇ. ಆದರೂ ಕೊಟ್ಟಿಗೆ ಮೂಲೆಯಲ್ಲಿ ವರ್ಷಗಟ್ಟಲೆ ನಿಂತ ಬೈಕಿನ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಒಳಗೆಲ್ಲ ಕೆಂಪು ಹಕ್ಕಳೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ಇರುತ್ತದೆ. ರಾತ್ರಿ ತಗಡು ತಣ್ಣಗಾದಾಗ ಅದರ ತೇವ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ತಳಕ್ಕಿಳಿದು ಕಾಕ್ ಸುತ್ತ ನಿಲ್ಲುತ್ತದೆ. ತೂತು ಬೀಳುವುದೂ ಹೆಚ್ಚಾಗಿ ಅಲ್ಲೇ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕ್ ತಯಾರಿಸಿ 1996ರಲ್ಲಿ ಮುಚ್ಚಿತು. ಅದಕ್ಕೇ ಮೂಲ ಟ್ಯಾಂಕನ್ನು ಗುಜರಿಗೆ ಹಾಕಲು ಬೈಕಿನ ಅಭಿಮಾನಿಗಳಿಗೆ ಮನಸ್ಸು ಬರುವುದಿಲ್ಲ.

ಈಗಿನ ಪೆಟ್ರೋಲಿನದು ಬೇರೆಯೇ ತಕರಾರು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾಯಿತು. ಎಥೆನಾಲ್ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ.

ರಿಪೇರಿ ಶುರುವಾಗುವುದು ಟ್ಯಾಂಕ್ ಬಿಚ್ಚಿ, ಪೆಟ್ರೋಲ್ ಬಸಿದು, ಕಾಕ್ ಕಳಚುವುದರಿಂದ. ಸೋಪಿನ ಬಿಸಿನೀರಿನಲ್ಲಿ ಎಣ್ಣೆಜಿಡ್ಡು ತೊಳೆಯಬೇಕು, ಇಲ್ಲದಿದ್ದರೆ ಆಸಿಡ್ ತುಕ್ಕಿಗೆ ತಾಗುವುದೇ ಇಲ್ಲ. ಆಮೇಲೆ ಒಂದಷ್ಟು ನಟ್ಟುಗಳನ್ನು ಹಾಕಿ ಕುಲುಕಿದರೆ ಸಡಿಲ ಹಕ್ಕಳೆ ಉದುರುತ್ತದೆ. ಹಾಕಿದ ನಟ್ಟುಗಳನ್ನು ಎಣಿಸಿಕೊಂಡಿರಬೇಕು! ಉಳಿದ ತುಕ್ಕಿಗೆ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ನೀರು ತುಂಬಿ ಒಂದೆರಡು ದಿನ ಬಿಡುವುದು. ಹುಣಸೆಹಣ್ಣಿನಲ್ಲಿ ಹಿತ್ತಾಳೆ ಚೊಂಬು ಬೆಳಗಿದ ಹಾಗೇ ಇದೂ. ಅವಸರಕ್ಕೆ ಪಾಯಿಖಾನೆ ತೊಳೆಯುವ ಆಸಿಡ್ ಸುರಿದರೆ ತುಕ್ಕಿನ ಜೊತೆ ಒಳ್ಳೆಯ ತಗಡೂ ಕರಗುತ್ತದೆ.

ತೊಳೆದ ಮರುಗಳಿಗೆಯೇ ಬರಿ ಕಬ್ಬಿಣ ಮತ್ತೆ ಕೆಂಪಾಗತೊಡಗುತ್ತದೆ. ಅಡುಗೆ ಸೋಡಾ ನೀರಿನಲ್ಲಿ ಆಮ್ಲದ ಅಂಶ ಕಳೆದು, ಬಿಸಿಲಿನಲ್ಲೋ ಬಿಸಿಗಾಳಿಯಲ್ಲೋ ಬೇಗ ಒಣಗಿಸಿ, ಎಣ್ಣೆ ಆಡಿಸಿಬಿಡಬೇಕು. ಎಪಾಕ್ಸಿ ಲೇಪನಕ್ಕೆ ಅವಸರಪಡುವುದು ಸರಿಯಲ್ಲ. ತುಕ್ಕು, ಜಿಡ್ಡು ಉಳಿದಲ್ಲಿ ಅದು ಹಿಡಿಯದೆ ಪೊರೆಯಾಗಿ ಎದ್ದು ಕಾರ್ಬುರೇಟರ್ ಕಟ್ಟುತ್ತದೆ. ತಗಡು ಗಟ್ಟಿ ಇದ್ದರೆ ಲೇಪನವೇ ಬೇಡ.

ತೂತಿಗೆ ಬೆಸುಗೆ ಬೇಕೆಂದರೆ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ 1.4ರಿಂದ 7.6ರಷ್ಟಿದ್ದರೆ ಒಂದು ಕಿಡಿ ಸಾಕು, ಸ್ಫೋಟವೇ. ತಿಳಿದ ವೆಲ್ಡರ್ ಟ್ಯಾಂಕನ್ನು ಹಲವು ಸಲ ತೊಳೆಸಿ, ಬೆಸುಗೆಯ ಜಾಗ ಮಾತ್ರ ಬಿಟ್ಟು ನೀರು ತುಂಬಿಸಿಯೇ ಕೈ ಹಾಕುತ್ತಾನೆ. ಈ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ.

ಬಣ್ಣ ಹೊಡೆಸುವ ಮೊದಲು ಪೆಟ್ರೋಲ್ ತುಂಬಿ ಒಂದು ರಾತ್ರಿ ಬಿಟ್ಟು ಸೋರಿಕೆ ನೋಡಿ. ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಪೂರ್ತಿ ಬಸಿದು ಒಳಗೆ ಎಣ್ಣೆ ಆಡಿಸಿಡಿ. ಅರ್ಧ ಪೆಟ್ರೋಲ್ ಬಿಟ್ಟು ಮಾತ್ರ ನಿಲ್ಲಿಸಬೇಡಿ.