ರೈತನ ಕೈಕಾಲುಗಳ ಸಂರಕ್ಷಣೆ: ಶಸ್ತ್ರವೈದ್ಯರ ದೃಷ್ಟಿ

ಬೇಸಾಯದ ಬಂಡವಾಳವನ್ನು ಲೆಕ್ಕ ಹಾಕುವಾಗ ಜಮೀನು, ದನಕರು, ನೇಗಿಲು, ಯಂತ್ರಗಳನ್ನು ಎಲ್ಲರೂ ಎಣಿಸುವರು. ಇವೆಲ್ಲವನ್ನೂ ನಡೆಸುವ ಮನುಷ್ಯನ ಕೈ, ಕಾಲು, ಬೆನ್ನುಗಳನ್ನು ಆ ಲೆಕ್ಕಕ್ಕೆ ಸೇರಿಸುವವರು ವಿರಳ. ನೇಗಿಲು ಮುರಿದರೆ ಬಡಗಿಯು ಸರಿಪಡಿಸುತ್ತಾನೆ. ಎತ್ತು ಸತ್ತರೆ ಸಾಲ ಮಾಡಿಯಾದರೂ ಮತ್ತೊಂದನ್ನು ತರಬಹುದು. ಹೋದ ಕೈ ಮಾತ್ರ ಯಾವ ಸಂತೆಯಲ್ಲಿಯೂ ದೊರೆಯತಕ್ಕದ್ದಲ್ಲ. ಆಳು ಒಬ್ಬನ ಕೈ ಹೋದರೆ ಅವನ ಸಂಸಾರವೆಲ್ಲವೂ ಅನ್ನಕ್ಕೆ ಎರವಾಗುತ್ತದೆ. ಶಸ್ತ್ರವೈದ್ಯರ ಮುಂದೆ ಬರುವ ಇಂಥ ಗಾಯಗಳಲ್ಲಿ ಅನೇಕವು ತಪ್ಪಿಸಬಹುದಾದಂಥವು. ಅವನ್ನು ತಪ್ಪಿಸುವ ಶಕ್ತಿಯಾದರೋ ಆಸ್ಪತ್ರೆಯಲ್ಲಿಲ್ಲ. ಯಂತ್ರವನ್ನು ಕೊಳ್ಳುವ, ಆಳುಗಳನ್ನು ಕೆಲಸಕ್ಕೆ ಹಚ್ಚುವ, ಊರಿನಲ್ಲಿ ಮಾತು ನಡೆಯುವ ಯಜಮಾನರಲ್ಲಿಯೇ ಇದೆ.

ಯಂತ್ರಗಳ ಬಳಿ ಎಚ್ಚರ

ಮೇವು ಕತ್ತರಿಸುವ ಯಂತ್ರ, ಒಕ್ಕಣೆ ಯಂತ್ರ, ಆಲೆಮನೆಯ ಕಬ್ಬಿನ ಗಾಣ, ಈ ಮೂರರ ಗುಣವೂ ಒಂದೇ. ಕೊಟ್ಟದ್ದನ್ನು ಒಳಕ್ಕೆ ಸೆಳೆದುಕೊಳ್ಳುವುದೇ ಇವುಗಳ ಕೆಲಸ. ಹುಲ್ಲಿಗೂ ಬೆರಳಿಗೂ ಇವು ಭೇದವೆಣಿಸುವುದಿಲ್ಲ. ಸಿಕ್ಕಿಕೊಂಡ ಮೇವನ್ನು ಕೈಯಿಂದ ತಳ್ಳುವಾಗ, ಸೆರಗು, ಪಂಚೆ, ವಲ್ಲಿಗಳ ಅಂಚು ಪಟ್ಟಿಗೆ ಸುತ್ತಿಕೊಂಡಾಗ, ನಿದ್ದೆಗೆಟ್ಟವನು ರಾತ್ರಿಯ ಹೊತ್ತು ಕಬ್ಬನ್ನು ಕೊಡುವಾಗ ಅನಾಹುತವು ಸಂಭವಿಸುತ್ತದೆ. ಶಕ್ತಿಚಾಲಿತ ಒಕ್ಕಣೆ ಯಂತ್ರಗಳಿಂದಾಗುತ್ತಿದ್ದ ಅಂಗಹಾನಿಯ ಕಾರಣ ಭಾರತದ ಸಂಸತ್ತು 1983ರಲ್ಲಿ ಅಪಾಯಕರ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. ಆದರೆ ಕಾಯಿದೆಯು ಕಣದಲ್ಲಿ ನಿಂತು ಕಾಯಲಾರದು.

ಯಂತ್ರವನ್ನು ಕೊಳ್ಳುವಾಗ ಬೆಲೆಯೊಂದನ್ನೇ ನೋಡತಕ್ಕದ್ದಲ್ಲ. ಪೈರನ್ನು ಕೊಡುವ ದೋಣಿಯು ತೋಳು ಒಳಗಿನ ಹಲ್ಲುಗಳನ್ನು ಮುಟ್ಟದಷ್ಟು ಉದ್ದವಾಗಿ, ಮೇಲೆ ಮುಚ್ಚಿದ್ದಾಗಿರಬೇಕು. ಚಕ್ರ, ಪಟ್ಟಿಗಳಿಗೆ ಕವಚವಿರಬೇಕು. ಯಂತ್ರವನ್ನು ನಿಲ್ಲಿಸುವ ಗುಂಡಿಯು ಕೆಲಸಗಾರನ ಕೈಗೆ ಎಟಕುವಂತಿರಬೇಕು. ಸಿಕ್ಕನ್ನು ಬಿಡಿಸುವ ಮೊದಲು ಯಂತ್ರವನ್ನು ಪೂರ್ತಿಯಾಗಿ ನಿಲ್ಲಿಸತಕ್ಕದ್ದು. ಉಂಗುರ, ಬಳೆ, ಕಡಗಗಳನ್ನು ತೆಗೆದಿಟ್ಟೇ ಕೆಲಸಕ್ಕೆ ಕೈ ಹಚ್ಚಬೇಕು. ಸಿಕ್ಕಿಕೊಂಡ ಉಂಗುರವೊಂದು ಬೆರಳಿನ ಚರ್ಮವನ್ನೇ ಸುಲಿದುಬಿಡಬಲ್ಲದು. ಟ್ರಾಕ್ಟರಿನ ಗಾಲಿಯ ಮೇಲಣ ತಗಡಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ವಾಡಿಕೆಯನ್ನು ಯಜಮಾನರು ಕಂಡಲ್ಲಿ ನಿಲ್ಲಿಸಬೇಕು.

ಗಾಯವಾದೊಡನೆ

ಗಾಣದ ಉರುಳೆಗಳ ನಡುವೆ ಕೈ ಸಿಕ್ಕಿದರೆ ಮೊದಲು ಯಂತ್ರವನ್ನು ನಿಲ್ಲಿಸಬೇಕು. ಬಲವಂತದಿಂದ ಎಳೆದರೆ ಚರ್ಮ, ನರ, ರಕ್ತನಾಳಗಳು ಹರಿಯುವುವು; ಆದಕಾರಣ ಉರುಳೆಗಳನ್ನು ಬಿಚ್ಚಿ ಕೈಯನ್ನು ಬಿಡಿಸುವುದು ಕ್ಷೇಮ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿಯಬೇಕು. ಇಷ್ಟರಿಂದಲೂ ನಿಲ್ಲದೆ ಪ್ರಾಣಾಪಾಯವು ತೋರಿದಲ್ಲಿ ಮಾತ್ರ ಗಾಯಕ್ಕಿಂತ ಮೇಲ್ಗಡೆ ಅಗಲವಾದ ಪಟ್ಟಿಯನ್ನು ಬಿಗಿದು, ಬಿಗಿದ ವೇಳೆಯನ್ನು ಬರೆದಿಡಬೇಕು. ಹುರಿ, ತಂತಿಗಳನ್ನು ಕಟ್ಟತಕ್ಕದ್ದಲ್ಲ.

ಬೆರಳು ತುಂಡಾದರೆ ಅದನ್ನು ಎಸೆಯಬಾರದು. 1965ರಲ್ಲಿ ಜಪಾನಿನ ನಾರಾ ಪ್ರಾಂತದ ಶಸ್ತ್ರವೈದ್ಯರು ಪೂರ್ಣವಾಗಿ ತುಂಡಾಗಿದ್ದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ಸಹಾಯದಿಂದ ಮತ್ತೆ ಜೋಡಿಸಿದರು. ಈಗ ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿಯೂ ಈ ಚಿಕಿತ್ಸೆಯು ನಡೆಯುತ್ತದೆ. ತುಂಡನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಡಬೇಕು. ತುಂಡಿಗೆ ಮಂಜುಗಡ್ಡೆಯು ನೇರವಾಗಿ ತಗಲಿದರೆ ಮಾಂಸವು ಕೆಡುತ್ತದೆ. ತೋಳೇ ಕಡಿದುಹೋದಲ್ಲಿ ಕಾಲಾವಕಾಶವು ಬಹಳ ಸ್ವಲ್ಪ. ಸುಮಾರು 6 ಗಂಟೆಗಳೊಳಗಾಗಿ ರಕ್ತಸಂಚಾರವು ಮರಳಬೇಕಾಗುತ್ತದೆ. ಆದುದರಿಂದ 108 ಸಂಖ್ಯೆಗೆ ಕೂಡಲೆ ಕರೆ ಕಳುಹಿಸಬೇಕು.

ಅಡಕೆ, ತೆಂಗಿನ ಮರಗಳಿಂದ ಬಿದ್ದವನನ್ನು ಕೈಕಾಲು ಹಿಡಿದು ಎತ್ತಿ ಕೂರಿಸುವುದು ಘೋರವಾದ ತಪ್ಪು. ಬೆನ್ನೆಲುಬು ಮುರಿದಿದ್ದಲ್ಲಿ ಅದರೊಳಗಿನ ನರಹುರಿಯು ಈ ಎತ್ತಾಟದಿಂದಲೇ ನಜ್ಜುಗುಜ್ಜಾಗಿ ಕಾಲುಗಳು ಶಾಶ್ವತವಾಗಿ ನಿಶ್ಚೇಷ್ಟಿತವಾಗಬಹುದು. ತಲೆ, ಕತ್ತು, ಸೊಂಟಗಳು ಒಂದೇ ನೇರದಲ್ಲಿರುವಂತೆ ನಾಲ್ಕಾರು ಜನರು ಸೇರಿ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು.

ಕೊಳೆಯೇ ಹಗೆ

ಹಿಂದಿನ ಕಾಲದಲ್ಲಿ ಎಲುಬು ಮುರಿದು ಚರ್ಮ ಹರಿದರೆ ಅಂಗವನ್ನು ಕತ್ತರಿಸಿಹಾಕುವುದೇ ವಾಡಿಕೆಯಾಗಿತ್ತು. ಇಲ್ಲವಾದರೆ ಗಾಯವು ಕೊಳೆತು ರೋಗಿಯು ಸಾಯುತ್ತಿದ್ದನು. 1865ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 11 ವರ್ಷದ ಬಾಲಕನೊಬ್ಬನ ಕಾಲಿನ ಮೇಲೆ ಗಾಡಿಯ ಚಕ್ರವು ಹರಿಯಿತು. ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಅವರು ಗಾಯವನ್ನು ಕಾರ್ಬಾಲಿಕ್ ಆಮ್ಲದಿಂದ ಉಪಚರಿಸಿ ಕಟ್ಟಿದರು. ಸುಮಾರು ಆರು ವಾರಗಳಲ್ಲಿ ಎಲುಬು ಕೂಡಿಕೊಂಡು ಕಾಲು ಉಳಿಯಿತು. ಕಾರ್ಬಾಲಿಕ್ ಆಮ್ಲವು ಈಗ ಬಳಕೆಯಲ್ಲಿಲ್ಲ, ತತ್ತ್ವವು ಮಾತ್ರ ಅಂದಿನದೇ: ಗಾಯದೊಳಕ್ಕೆ ಸೇರಿದ ರೋಗಾಣುಗಳು ಪೆಟ್ಟಿನಷ್ಟೇ ಅಪಾಯಕರ. ಸಗಣಿ, ಸುಣ್ಣ, ಕಾಫಿಪುಡಿ, ಮಣ್ಣುಗಳನ್ನು ಗಾಯಕ್ಕೆ ಮೆತ್ತುವುದು ಈ ಹಗೆಗೆ ಬಾಗಿಲು ತೆರೆದಂತೆ. ಸಣ್ಣ ಗಾಯವನ್ನು ಶುದ್ಧವಾದ ಧಾರಾಳ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು, ಶುಭ್ರ ಬಟ್ಟೆ ಕಟ್ಟಿದರೆ ಸಾಕು.

ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿಯೂ ಗೊಬ್ಬರದಲ್ಲಿಯೂ ವರ್ಷಗಟ್ಟಲೆ ಬದುಕಿರುತ್ತವೆ. ಬರಿಗಾಲಿಗೆ ಚುಚ್ಚಿದ ಮುಳ್ಳೊಂದೇ ಅವಕ್ಕೆ ದಾರಿ. ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ದವಡೆ ಬಿಗಿದು, ಮೈ ಬಿಲ್ಲಿನಂತೆ ಬಾಗುತ್ತದೆ. ಒಮ್ಮೆ ರೋಗದಿಂದ ಬದುಕಿದವನಿಗೂ ಅದು ಮತ್ತೆ ಬರಬಹುದು. ಚುಚ್ಚುಮದ್ದೇ ಇದಕ್ಕೆ ರಕ್ಷೆ. ಬಾಲ್ಯದ ಮದ್ದುಗಳು ಮುಗಿದ ತರುವಾಯ 10 ವರ್ಷಕ್ಕೊಮ್ಮೆ ಅದನ್ನು ಹಾಕಿಸಬೇಕು; ಮಣ್ಣು ತಗಲಿದ ಗಾಯವಾಗಿ, ಹಿಂದಿನ ಮದ್ದಿಗೆ 5 ವರ್ಷ ಮೀರಿದ್ದರೆ ಆಗಲೇ ಹಾಕಿಸಬೇಕು.

ಬೆನ್ನಿನ ವಿಚಾರ

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರ ಶಿಫಾರಸಿನಲ್ಲಿ ಪ್ರಾಯದ ಗಂಡಸು ಎತ್ತುವ ಹೊರೆಗೆ 55 ಕಿಲೋಗ್ರಾಂಗಳ ಮಿತಿಯನ್ನು ಸೂಚಿಸಿತು. ಹೆಂಗಸರ ಹೊರೆ ಅದಕ್ಕಿಂತ ಬಹಳ ಕಡಮೆಯಾಗಿರಬೇಕೆಂದಿತು. ಕ್ವಿಂಟಾಲಿನ ಮೂಟೆಯು ಈ ಮಿತಿಗೆ ಹೆಚ್ಚು ಕಡಮೆ ಇಮ್ಮಡಿ. ಮೂಟೆಯನ್ನು ಚಿಕ್ಕದಾಗಿ ಕಟ್ಟಿಸಿದರೆ ಖರ್ಚೇನೂ ಹೆಚ್ಚುವುದಿಲ್ಲ. ಹೊರೆಯನ್ನು ಎತ್ತುವವನು ಸೊಂಟವನ್ನು ಬಗ್ಗಿಸದೆ ಮಂಡಿಗಳನ್ನು ಮಡಿಸಿ, ಹೊರೆಯನ್ನು ಮೈಗೆ ಅವಚಿಕೊಂಡು ಏಳಬೇಕು. ಎತ್ತಿದ ಮೇಲೆ ಸೊಂಟವನ್ನು ತಿರುಚಬಾರದು.

ಬೆನ್ನುನೋವುಗಳಲ್ಲಿ ಬಹುಪಾಲಿಗೆ ಶಸ್ತ್ರಕ್ರಿಯೆಯು ಬೇಕಿಲ್ಲ. ದಿನಗಟ್ಟಲೆ ಹಾಸಿಗೆ ಹಿಡಿಯುವುದೂ ಹಿತವಲ್ಲ. ಸಾಧ್ಯವಾದಷ್ಟು ಓಡಾಡುತ್ತಿದ್ದರೆ ಬೇಗ ಗುಣವಾಗುತ್ತದೆ. ಕಾಲು ಶಕ್ತಿಗುಂದಿದರೆ, ಮೂತ್ರವು ಕಟ್ಟಿದರೆ, ಅಥವಾ ಹಿಡಿತ ತಪ್ಪಿದರೆ ಮಾತ್ರ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆಳುಗಳಿಗೆ ಕೆಲಸ ಒಪ್ಪಿಸಿ ಜಗಲಿಯಲ್ಲಿ ಕುಳಿತ ಯಜಮಾನರ ಮೈಗೂ ಕೇಡುಂಟು. ಸ್ನಾಯುಗಳು ಸಡಿಲವಾಗಿ, ಎಲುಬುಗಳು ಸೊರಗಿ, ಬಚ್ಚಲಿನಲ್ಲಿ ಜಾರಿದ ಮಾತ್ರಕ್ಕೆ ತೊಡೆಯ ಎಲುಬು ಮುರಿಯುತ್ತದೆ. ವಾರಕ್ಕೆ 150 ನಿಮಿಷಗಳಾದರೂ ಚುರುಕಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಂಪ್ರತಿ ಹೊಲವನ್ನು ಸುತ್ತಿ ಬರುವವರಿಗೆ ಇದು ಕಷ್ಟವಲ್ಲ.

ಯಜಮಾನರು ಮಾಡತಕ್ಕದ್ದು

ಸುಗ್ಗಿಗೆ ಮುಂಚೆ ಊರಿನ ಯಂತ್ರಗಳನ್ನೆಲ್ಲ ಒಮ್ಮೆ ಪರೀಕ್ಷಿಸಿ, ಕವಚವಿಲ್ಲದವುಗಳಿಗೆ ಹಾಕಿಸಬೇಕು. ಕಣದಲ್ಲಿಯೂ ಆಲೆಮನೆಯಲ್ಲಿಯೂ ಶುಭ್ರ ಬಟ್ಟೆ, ಸಾಬೂನು, ನೀರು, ಒಂದು ಉದ್ದನೆಯ ಹಲಗೆ ಇರಬೇಕು. ಆಳುಗಳ ಚುಚ್ಚುಮದ್ದಿನ ತಾರೀಖುಗಳನ್ನು ಕೂಲಿಯ ಪುಸ್ತಕದಲ್ಲಿಯೇ ಬರೆದಿಡಬೇಕು. ರಾತ್ರಿಯ ಸರದಿಯವರಿಗೆ ನಿದ್ದೆಗೆ ಅವಕಾಶ ಕೊಡಬೇಕು. ಇವುಗಳ ಖರ್ಚೆಲ್ಲವೂ ಸೇರಿದರೂ ಕೈ ಕಳೆದುಕೊಂಡ ಒಂದು ಸಂಸಾರದ ನಷ್ಟಕ್ಕೆ ಸಮನಾಗಲಾರದು.