ಬಿಪಿ ಮಾತ್ರೆಯೂ ಓಟಗಾರರಿಗೆ ಮುಳುವಾಗಬಹುದು: ಏನಿದು ಡೋಪಿಂಗ್?

ತುಮಕೂರು: ಬೆಳಗಾದರೆ ನಗರದಲ್ಲಿ, ಗುಬ್ಬಿ, ಕುಣಿಗಲ್ ರಸ್ತೆಗಳಲ್ಲಿ ಓಡೋ ಹುಡುಗ, ಹುಡುಗಿಯರು ಕಾಣ್ತಾರೆ. ಕೆಲವರಿಗೆ ಪೊಲೀಸ್ ನೇಮಕಾತಿಯ ಚಿಂತೆ, ಕೆಲವರಿಗೆ ರಾಜ್ಯ ಮಟ್ಟದ ಕನಸು. ವಿಚಾರಿಸದೆ ನುಂಗಿದ ಒಂದು ಮಾತ್ರೆ, ಒಂದು ಡಬ್ಬಿ ಪೌಡರ್ ಆ ಕನಸನ್ನೇ ಹಾಳು ಮಾಡಬಹುದು.

ಕೀನ್ಯಾ ಓಟಗಾರ್ತಿಗೆ ಆಗಿದ್ದೇನು?

ರೂತ್ ಚೆಪಂಗೆಟಿಚ್ 2024ರ ಶಿಕಾಗೊ ಮ್ಯಾರಥಾನ್ ಅನ್ನು 2 ಗಂಟೆ 9 ನಿಮಿಷ 56 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. 2025ರ ಮಾರ್ಚ್‌ನಲ್ಲಿ ಅವರ ಮೂತ್ರದಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸಿಕ್ಕಿತು. ನಮ್ಮೂರ ಮೆಡಿಕಲ್ ಸ್ಟೋರ್‌ಗಳಲ್ಲೂ ಸಿಗುವ ಬಿಪಿ ಔಷಧಿ ಇದು. ಮೂತ್ರ ಹೆಚ್ಚಿಸುವುದರಿಂದ ಬೇರೆ ಮದ್ದಿನ ಗುರುತು ಮರೆಮಾಚಲು ಬಳಸ್ತಾರೆ ಅಂತ ನಿಷೇಧ. ಮನೆಕೆಲಸದವರ ಮಾತ್ರೆ ತಗೊಂಡಿದ್ದೆ ಎಂದು ಆಕೆ ಹೇಳಿದರೂ 3 ವರ್ಷ ನಿಷೇಧ ಬಿತ್ತು. ಪರೀಕ್ಷೆಗೆ ಮುಂಚಿನದ್ದಾದ್ದರಿಂದ ದಾಖಲೆ ಮಾತ್ರ ಉಳಿಯಿತು.

ದೂರದ ಓಟಕ್ಕೆ ಇಪಿಒ ಯಾಕೆ?

ಇಪಿಒ ಕಿಡ್ನಿ ರೋಗಿಗಳಿಗೆ ಕೊಡುವ ಇಂಜೆಕ್ಷನ್. ಕೆಂಪು ರಕ್ತಕಣ ಹೆಚ್ಚುತ್ತೆ, ಸ್ನಾಯುಗಳಿಗೆ ಆಮ್ಲಜನಕ ಜಾಸ್ತಿ ಸಿಗುತ್ತೆ, ಸುಸ್ತು ತಡವಾಗುತ್ತೆ. ಆದರೆ ರಕ್ತ ಗಟ್ಟಿಯಾಗಿ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಇದೆ.

ನಮ್ಮ ರಾಜ್ಯದ ಪಾಠ

ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದವರು. 2011ರಲ್ಲಿ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್‌ಸೆಂಗ್ ಕಾರಣ ಎಂದು ವಾದಿಸಿದರು. ಮೊದಲು ಒಂದು ವರ್ಷ ಇದ್ದ ಶಿಕ್ಷೆಯನ್ನು 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಎರಡು ವರ್ಷಕ್ಕೆ ಏರಿಸಿತು.

ನಿಯಮ ಇಷ್ಟೇ: ಯಾರೇ ಕೊಟ್ಟಿರಲಿ, ದೇಹದಲ್ಲಿ ಸಿಕ್ಕಿದ್ದಕ್ಕೆ ಕ್ರೀಡಾಪಟುವೇ ಹೊಣೆ. 'ಗೊತ್ತಿರಲಿಲ್ಲ' ಅಂದರೆ ಶಿಕ್ಷೆ ಕಡಿಮೆಯಾಗಬಹುದು, ಪೂರ್ತಿ ತಪ್ಪೋದು ಅಪರೂಪ. ಬೇಕಂತಲೇ ಸ್ಟೆರಾಯ್ಡ್ ತಗೊಂಡರೆ ಸಾಮಾನ್ಯವಾಗಿ 4 ವರ್ಷ.

2024ರಲ್ಲಿ ಭಾರತದಲ್ಲಿ 7,113 ಮಾದರಿ ಪರೀಕ್ಷಿಸಿದಾಗ 260ರಲ್ಲಿ ನಿಷೇಧಿತ ಮದ್ದು ಸಿಕ್ಕಿದೆ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ಕೂಟಕ್ಕೆ ನಾಡಾ ಸಿಬ್ಬಂದಿ ಬಂದಾಗ ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ! ಪ್ರಾಮಾಣಿಕವಾಗಿ ಓಡೋ ಹುಡುಗನ ಪದಕ ಹೋಗೋದು ಇಂಥವರಿಂದಲೇ.

ಏನು ಮಾಡಬೇಕು?

* ಡಾಕ್ಟರಿಗೆ, ಮೆಡಿಕಲ್‌ನವರಿಗೆ 'ನಾನು ಕ್ರೀಡಾಪಟು' ಅಂತ ಮೊದಲೇ ಹೇಳಿ.
* ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಔಷಧಿ ಪರಿಶೀಲಿಸಿ.
* ಕಾಯಿಲೆಗೆ ನಿಷೇಧಿತ ಔಷಧಿ ಬೇಕೇ ಬೇಕಾದರೆ ಮುಂಚಿತವಾಗಿ ವಿನಾಯಿತಿಗೆ ಅರ್ಜಿ ಹಾಕಿ.
* ಬಿಲ್, ಲೇಬಲ್ ಇಲ್ಲದ ಪೌಡರ್ ಬೇಡ. ಅಂಗಡಿಯವರೂ ಅಂಥದ್ದನ್ನು ಮಾರದಿರುವುದು ಒಳ್ಳೆಯದು.